ಹೊಗೆಗೆ ಬೆಲೆ ಕಟ್ಟಿದವರು

1960ರಲ್ಲಿ ಒಂದು ಸಂಜೆ ಶಿಕಾಗೋದ ಆ್ಯರನ್ ಡೈರೆಕ್ಟರ್ ಅವರ ಮನೆಯಲ್ಲಿ ಅರ್ಥಶಾಸ್ತ್ರಜ್ಞರ ಕೂಟ ಸೇರಿತ್ತು. ಮಿಲ್ಟನ್ ಫ್ರೀಡ್‌ಮನ್, ಜಾರ್ಜ್ ಸ್ಟಿಗ್ಲರ್ ಅವರಂಥ ಘಟಾನುಘಟಿಗಳೇ ಅಲ್ಲಿದ್ದರು. ವರ್ಜೀನಿಯಾದಿಂದ ಬಂದಿದ್ದ ಅರ್ಥಶಾಸ್ತ್ರಜ್ಞ ರೊನಾಲ್ಡ್ ಕೋಸ್ ಆ ಕೂಟದ ಮುಂದೆ ಒಂದು ವಾದ ಮಂಡಿಸಿದರು. ಚರ್ಚೆಗೆ ಮೊದಲು ಮತ ಎಣಿಸಿದಾಗ ಕೋಸ್ ಪರ 1, ವಿರುದ್ಧ 20. ಎರಡು ಗಂಟೆ ಜಗ್ಗಾಡಿದ ಮೇಲೆ 21 ಮತಗಳೂ ಅವರ ಕಡೆಗಿದ್ದವು. ಸ್ಟಿಗ್ಲರ್ ತಮ್ಮ ಆತ್ಮಕಥೆಯಲ್ಲಿ ಆ ಸಂಜೆಯನ್ನು ದಾಖಲಿಸಿದ್ದಾರೆ.

ಅಲ್ಲಿಯವರೆಗೆ ಎಲ್ಲರೂ ನಂಬಿದ್ದು ಕೇಂಬ್ರಿಜ್‌ನ ಆರ್ಥರ್ ಪಿಗೂ 1920ರಲ್ಲಿ ಬರೆದದ್ದನ್ನು. ಕಾರ್ಖಾನೆಯ ಹೊಗೆಯಿಂದ ನೆರೆಹೊರೆಗೆ ಆಗುವ ನಷ್ಟ ಮಾಲೀಕನ ಲೆಕ್ಕದ ಪುಸ್ತಕದಲ್ಲಿ ಬರುವುದಿಲ್ಲ; ಸರ್ಕಾರ ತೆರಿಗೆ ಹಾಕಿ ಅದನ್ನು ಲೆಕ್ಕಕ್ಕೆ ತರಬೇಕು ಎಂದರು ಪಿಗೂ. ಕೋಸ್ ಇನ್ನೊಂದು ಮಗ್ಗುಲನ್ನು ತೋರಿಸಿದರು. ಹಕ್ಕು ಯಾರದೆಂದು ಸ್ಪಷ್ಟವಾಗಿದ್ದು, ಮಾತುಕತೆಗೆ ಖರ್ಚೇ ತಗಲದಿದ್ದರೆ, ಮಾಲೀಕನೂ ನೆರೆಯವರೂ ಕೂತು ಚೌಕಾಸಿ ಮಾಡಿ ಒಟ್ಟು ನಷ್ಟ ಕಡಿಮೆಯಾಗುವ ದಾರಿ ಹುಡುಕಿಕೊಳ್ಳುತ್ತಾರೆ. ಆದರೆ ನಿಜ ಲೋಕದಲ್ಲಿ ಮಾತುಕತೆಗೆ ಖರ್ಚು ಇದ್ದೇ ಇದೆ. ಆದ್ದರಿಂದ ಕಾನೂನು, ತೆರಿಗೆ, ಒಪ್ಪಂದ ಇವುಗಳಲ್ಲಿ ಯಾವುದು ಎಲ್ಲಿ ಹೊಂದುತ್ತದೆ ಎಂದು ಒಂದೊಂದು ಪ್ರಕರಣದಲ್ಲೂ ತೂಗಿ ನೋಡಬೇಕು ಎಂಬುದು ಅವರ ನಿಲುವು. ಅವರ ಮಾತಿನ ಮೊದಲರ್ಧವನ್ನಷ್ಟೇ ಹಿಡಿದು ಸರ್ಕಾರವೇ ಬೇಡ ಎಂದವರು ಕೋಸ್ ಅವರಿಗೆ ಅನ್ಯಾಯ ಮಾಡಿದ್ದಾರೆ.

ಹೊಗೆಯ ವಿಷಯದಲ್ಲಿ ಈ ಮಾತುಕತೆ ಎಷ್ಟು ಕಷ್ಟ ಎಂಬುದು ಫ್ಲೋರಿಡಾದಲ್ಲಿ ಕಾಣುತ್ತಿತ್ತು. ಅಲ್ಲಿನ ಫಾಸ್ಫೇಟ್ ಗೊಬ್ಬರದ ಕಾರ್ಖಾನೆಗಳಿಂದ ಹೊರಡುವ ಫ್ಲೋರೈಡ್ ಕಿತ್ತಳೆ ತೋಟಗಳನ್ನು ಕೆಡಿಸುತ್ತಿತ್ತು, ದನಗಳನ್ನು ಕಾಯಿಲೆಗೆ ದೂಡುತ್ತಿತ್ತು. ಇದನ್ನು ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞ ಥಾಮಸ್ ಕ್ರಾಕರ್ 1966ರಲ್ಲಿ ಹೊಸ ಉಪಾಯವೊಂದನ್ನು ಮುಂದಿಟ್ಟರು. 1968ರಲ್ಲಿ ಟೊರಾಂಟೊದ ಜಾನ್ ಡೇಲ್ಸ್ ನೀರಿನ ಮಾಲಿನ್ಯಕ್ಕೂ ಅದೇ ದಾರಿ ಸೂಚಿಸಿದರು. ಒಟ್ಟು ಎಷ್ಟು ಮಾಲಿನ್ಯ ಎಂಬ ಮಿತಿಯನ್ನು ಸರ್ಕಾರ ಗೊತ್ತುಮಾಡಲಿ. ಅಷ್ಟಕ್ಕೇ ಪರವಾನಗಿ ಕೊಡಲಿ. ಪರವಾನಗಿಯನ್ನು ಕೊಳ್ಳಲು, ಮಾರಲು ಬಿಡಲಿ.

ಲೆಕ್ಕ ಸರಳ. ಒಂದು ಕಾರ್ಖಾನೆಗೆ ಒಂದು ಟನ್ ಮಾಲಿನ್ಯ ತಗ್ಗಿಸಲು 5,000 ರೂಪಾಯಿ, ಇನ್ನೊಂದಕ್ಕೆ 20,000 ಎಂದುಕೊಳ್ಳಿ. ಎರಡಕ್ಕೂ ಒಂದೇ ಕಟ್ಟಳೆ ಹಾಕಿದರೆ ಎರಡನೆಯದಕ್ಕೆ ಅದು ದುಬಾರಿ. ವ್ಯಾಪಾರಕ್ಕೆ ಬಿಟ್ಟರೆ ಮೊದಲನೆಯದು ಹೆಚ್ಚು ತಗ್ಗಿಸಿ, ಉಳಿದ ಪರವಾನಗಿಯನ್ನು ಎರಡನೆಯದಕ್ಕೆ ಮಾರುತ್ತದೆ. ಗಾಳಿಗೆ ಸೇರುವ ಒಟ್ಟು ಹೊಗೆ ಅಷ್ಟೇ, ಖರ್ಚು ಮಾತ್ರ ಕಡಿಮೆ.

ಈ ಉಪಾಯಕ್ಕೆ ದೊಡ್ಡ ಪರೀಕ್ಷೆ ಒಡ್ಡಿದ್ದು ಆಮ್ಲ ಮಳೆ. ಅಮೆರಿಕದಲ್ಲಿ 1990ರ ಕಾಯಿದೆ ಈ ಮಳೆಗೆ ಕಾರಣವಾದ, ವಿದ್ಯುತ್ ಸ್ಥಾವರಗಳ ಗಂಧಕದ ಡೈಆಕ್ಸೈಡಿಗೆ ಮಿತಿ ಹಾಕಿತು. ವ್ಯವಸ್ಥೆ 1995ರಲ್ಲಿ ಜಾರಿಗೆ ಬಂತು. ಪ್ರತಿ ಚಿಮಣಿಯಲ್ಲೂ ಸದಾ ಅಳೆಯುವ ಯಂತ್ರ ಕಡ್ಡಾಯವಾಯಿತು. ಕೆಲವರು ಹೊಗೆ ತೊಳೆಯುವ ಸ್ಕ್ರಬ್ಬರ್ ಹಾಕಿಸಿದರು, ಹಲವರು ವಯೋಮಿಂಗ್‌ನ ಕಡಿಮೆ ಗಂಧಕದ ಕಲ್ಲಿದ್ದಲು ತರಿಸಿದರು. ರೈಲು ಸಾಗಣೆ ಅಗ್ಗವಾದದ್ದೂ ನೆರವಿಗೆ ಬಂತು. 1980ರಲ್ಲಿ ಸುಮಾರು 1.7 ಕೋಟಿ ಟನ್ ಇದ್ದ ಮಾಲಿನ್ಯ 2010ರ ಹೊತ್ತಿಗೆ ಅದರ ಮೂರನೇ ಒಂದು ಪಾಲಿಗೂ ಕೆಳಗಿಳಿಯಿತು. ಖರ್ಚು ಮೊದಲು ಅಂದಾಜು ಮಾಡಿದ್ದಕ್ಕಿಂತ ಬಹಳ ಕಡಿಮೆಯಾಯಿತು.

ಶ್ರೀಮಂತ ದೇಶದಲ್ಲಿ ನಡೆದದ್ದು ನಮ್ಮಲ್ಲಿ ನಡೆದೀತೇ? ಉತ್ತರ ಸೂರತ್‌ನಿಂದ ಬಂತು. 2019ರಲ್ಲಿ ಗುಜರಾತ್ ಮಾಲಿನ್ಯ ನಿಯಂತ್ರಣ ಮಂಡಳಿ ಸಂಶೋಧಕರ ಜೊತೆಗೂಡಿ ಕಲ್ಲಿದ್ದಲು ಉರಿಸುವ ಮುನ್ನೂರಕ್ಕೂ ಹೆಚ್ಚು ಕಾರ್ಖಾನೆಗಳನ್ನು ಆರಿಸಿತು. ಚೀಟಿ ಎತ್ತುವ ಕ್ರಮದಲ್ಲಿ ಸುಮಾರು ಅರ್ಧದಷ್ಟನ್ನು ಪರವಾನಗಿ ಮಾರುಕಟ್ಟೆಗೆ ಸೇರಿಸಿ, ಉಳಿದವನ್ನು ಹಳೆಯ ನಿಯಮದಲ್ಲೇ ಇಟ್ಟಿತು. ಮಾರುಕಟ್ಟೆಗೆ ಸೇರಿದವುಗಳ ದೂಳುಕಣ ಶೇ 20ರಿಂದ 30ರಷ್ಟು ತಗ್ಗಿತು. ಹೆಚ್ಚುಕಡಿಮೆ ಎಲ್ಲವೂ ತಮ್ಮ ಮಾಲಿನ್ಯಕ್ಕೆ ತಕ್ಕ ಪರವಾನಗಿ ಹೊಂದಿದ್ದವು.

ಈ ಇಡೀ ಕತೆಯಲ್ಲಿ ಸರ್ಕಾರ ಎಲ್ಲಿಯೂ ಹಿಂದೆ ಸರಿದಿಲ್ಲ. ಮಿತಿ ಹಾಕಿದ್ದು ಸರ್ಕಾರ, ಚಿಮಣಿಗೆ ಅಳತೆಯ ಯಂತ್ರ ಕೂರಿಸಿದ್ದು ಸರ್ಕಾರದ ಕಟ್ಟಳೆ, ತಪ್ಪಿದವರಿಗೆ ದಂಡ ಹಾಕಿದ್ದೂ ಸರ್ಕಾರವೇ. ದಾರಿ ಆಯ್ದುಕೊಳ್ಳುವುದನ್ನು ಮಾತ್ರ ಅದು ಕಾರ್ಖಾನೆಗೆ ಬಿಟ್ಟಿತು. ಭಾರತ 2023ರಲ್ಲಿ ಇಂಗಾಲದ ಕ್ರೆಡಿಟ್ ವ್ಯಾಪಾರದ ಯೋಜನೆ ಪ್ರಕಟಿಸಿದೆ. ಅದರ ಗುರಿ ಇರುವುದು ಒಂದು ಟನ್ ಉತ್ಪನ್ನಕ್ಕೆ ಎಷ್ಟು ಮಾಲಿನ್ಯ ಎಂಬುದರ ಮೇಲೆ. ಉತ್ಪಾದನೆ ಹೆಚ್ಚಿದರೆ ಒಟ್ಟು ಮಾಲಿನ್ಯವೂ ಹೆಚ್ಚಬಹುದು. ಆಮ್ಲ ಮಳೆಯನ್ನು ಅಷ್ಟೊಂದು ತಗ್ಗಿಸಿದ್ದು ಒಟ್ಟು ಮಿತಿ ಮತ್ತು ಪ್ರಾಮಾಣಿಕ ಅಳತೆ. ನಾವು ಕೇಳಬೇಕಾದದ್ದೂ ಅವೆರಡನ್ನೇ.