ನೆಂಟರ ಊಟಕ್ಕೆ ಥಾಯ್ ನೂಡಲ್ಸ್: ಸಾರು ಮೊದಲು, ನೂಡಲ್ಸ್ ಕೊನೆಗೆ

ರಾತ್ರಿ ಊಟಕ್ಕೆ ಆರು ಮಂದಿ ಬರುವವರಿದ್ದಾರೆ, ಥಾಯ್ ಅಡುಗೆ ಮಾಡೋಣ ಎಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಪ್ಯಾಡ್ ಥಾಯ್. ನೆಂಟರು ಹೆಚ್ಚಿದ್ದಾಗ ಅದರ ಗೊಡವೆ ಬೇಡ. ಜೋರು ಉರಿಯಲ್ಲಿ, ಸಲಕ್ಕೆ ಒಂದೆರಡು ತಟ್ಟೆಯಷ್ಟೇ ಹುರಿಯಬೇಕಾದ ತಿನಿಸದು. ಬಾಣಲೆ ತುಂಬಿಸಿದರೆ ಕೋಳಿ ನೀರು ಬಿಟ್ಟು ನೂಡಲ್ಸ್ ಮುದ್ದೆಯಾಗುತ್ತದೆ. ಸ್ವಲ್ಪಸ್ವಲ್ಪವೇ ಮಾಡಿದರೆ ಅಡುಗೆಯವರು ಒಲೆ ಬಿಟ್ಟು ಕದಲುವಂತಿಲ್ಲ.

ಅದರ ಬದಲು ಉತ್ತರ ಥಾಯ್ಲೆಂಡಿನ ಚಿಯಾಂಗ್ ಮಾಯ್ ಕಡೆಯ ಖಾವ್ ಸೊಯ್ ಮಾಡಿ. ಕಾಯಿಹಾಲಿನ ಕೋಳಿ ಸಾರು, ಅದರಲ್ಲಿ ಮೊಟ್ಟೆ ನೂಡಲ್ಸ್, ಮೇಲೆ ಗರಿಗರಿಯಾಗಿ ಕರಿದ ನೂಡಲ್ಸ್. ಒತ್ತು ಶಾವಿಗೆಗೆ ಕಾಯಿಹಾಲು ಹಾಕಿಕೊಂಡು ತಿಂದವರಿಗೆ ಈ ಜೋಡಿ ಹೊಸದಲ್ಲ. ಸಾರನ್ನು ಮಧ್ಯಾಹ್ನವೇ ಮಾಡಿಟ್ಟುಕೊಳ್ಳಬಹುದು.

ಕಳಮೇಶ್ವರದಲ್ಲಿ ಇದಕ್ಕೆ ಏನೇನು ಸಿಗುತ್ತದೆ?

ನಾಗಪುರದ ಪಕ್ಕದ, ನಾವಿರುವ ಈ ಊರು ಕಿತ್ತಳೆಯ ಸೀಮೆ, ತೆಂಗಿನದಲ್ಲ. ಹಾಗಾಗಿ ಪ್ಯಾಕೆಟ್ ಕಾಯಿಹಾಲೇ ಅನುಕೂಲ. ಲೆಮನ್‌ಗ್ರಾಸ್‌ಗೆ ಅಲೆಯಬೇಕಿಲ್ಲ, ಮಹಾರಾಷ್ಟ್ರದಲ್ಲಿ ಚಹಾಕ್ಕೆ ಹಾಕುವ ‘ಗವತಿ ಚಹಾ’ ಅದೇ. ಖಾರಕ್ಕೆ ನಾಗಪುರ ಜಿಲ್ಲೆಯದೇ ಆದ ಭಿವಾಪುರದ ಮೆಣಸಿನಕಾಯಿ ಇದೆ. ಬಣ್ಣಕ್ಕೆ ಕರ್ನಾಟಕದಿಂದ ತಂದ ಬ್ಯಾಡಗಿ ಇದ್ದರೆ ಬೆರೆಸಿ. ಫಿಶ್ ಸಾಸ್ ಸಿಗದಿದ್ದರೆ ಸೋಯಾ ಸಾಸ್ ಸಾಕು.

ಆರು ಜನಕ್ಕೆ

ಕೋಳಿಯ ಕಾಲು 6, ಮೊಟ್ಟೆ ನೂಡಲ್ಸ್ 600 ಗ್ರಾಂ, ಕಾಯಿಹಾಲು 800 ಮಿ.ಲೀ., ಒಣಮೆಣಸಿನಕಾಯಿ 8–10, ಈರುಳ್ಳಿ 2, ಬೆಳ್ಳುಳ್ಳಿ 8 ಎಸಳು, ಶುಂಠಿ ಒಂದು ಇಂಚು, ಕೊತ್ತಂಬರಿ ಬೀಜ ಒಂದು ದೊಡ್ಡ ಚಮಚ, ಕಪ್ಪು ಏಲಕ್ಕಿ 1, ಅರಿಸಿನ ಒಂದು ಚಿಕ್ಕ ಚಮಚ, ಕೊತ್ತಂಬರಿ ಸೊಪ್ಪಿನ ಕಡ್ಡಿ, ಗವತಿ ಚಹಾ, ಸೋಯಾ ಸಾಸ್ ಮತ್ತು ಬೆಲ್ಲ.

ಮಾಡುವ ಬಗೆ

1. ಮೆಣಸಿನಕಾಯಿಯನ್ನು ಬಿಸಿನೀರಿನಲ್ಲಿ ನೆನೆಸಿ. ಈರುಳ್ಳಿ, ಬೆಳ್ಳುಳ್ಳಿ, ಶುಂಠಿಯನ್ನು ಎಣ್ಣೆಯಿಲ್ಲದ ಬಾಣಲೆಯಲ್ಲಿ ಅಲ್ಲಲ್ಲಿ ಕಪ್ಪಾಗುವವರೆಗೆ ಸುಡಿ. ಸಾರಿನ ಪರಿಮಳವೆಲ್ಲ ಈ ಸುಟ್ಟ ವಾಸನೆಯಲ್ಲಿದೆ. ಕೊತ್ತಂಬರಿ ಬೀಜ, ಏಲಕ್ಕಿ ಹುರಿದು, ಅರಿಸಿನ, ಕಡ್ಡಿ ಸೇರಿಸಿ ಎಲ್ಲವನ್ನೂ ನುಣ್ಣಗೆ ರುಬ್ಬಿ.

2. ಒಂದು ಲೋಟ ಕಾಯಿಹಾಲನ್ನು ಎರಡು ಚಮಚ ಎಣ್ಣೆಯೊಂದಿಗೆ ಕಾಯಿಸಿ, ಮಸಾಲೆ ಹಾಕಿ ಎಣ್ಣೆ ಬಿಡುವವರೆಗೆ ಬಾಡಿಸಿ. ಪ್ಯಾಕೆಟ್ ಕಾಯಿಹಾಲು ಒಡೆಯದಂತೆ ಅದರಲ್ಲಿ ಕೆಲವೊಮ್ಮೆ ಸ್ಥಿರಕಾರಿ ಪದಾರ್ಥ ಸೇರಿಸಿರುವುದರಿಂದ ಅದು ತಾನಾಗಿ ಎಣ್ಣೆ ಬಿಡದು. ಎಣ್ಣೆ ಸೇರಿಸುವುದು ಅದಕ್ಕೇ.

3. ಕೋಳಿ, ಗಂಟು ಕಟ್ಟಿದ ಗವತಿ ಚಹಾ, ಎರಡು ಚಮಚ ಸೋಯಾ ಸಾಸ್, ಒಂದು ಚಮಚ ಬೆಲ್ಲ, ನಾಲ್ಕು ಲೋಟ ನೀರು ಹಾಕಿ ಸಣ್ಣ ಉರಿಯಲ್ಲಿ 35–40 ನಿಮಿಷ ಬೇಯಿಸಿ. ಉಳಿದ ಕಾಯಿಹಾಲು ಕೊನೆಗೆ. ಆಮೇಲೆ ಕುದಿ ಜೋರಾಗಬಾರದು, ಹಾಲು ಒಡೆಯುತ್ತದೆ. ಉಪ್ಪು ನೋಡಿ, ಗವತಿ ಚಹಾದ ಗಂಟು ತೆಗೆಯಿರಿ.

4. ಎರಡು ಹಿಡಿ ನೂಡಲ್ಸ್ ಬೇಯಿಸಿ, ಬಟ್ಟೆಯ ಮೇಲೆ ಹರಡಿ ಆರಿಸಿ, ಕರಿದಿಡಿ. ಉಳಿದದ್ದನ್ನು ನೆಂಟರು ಕೂತ ಮೇಲೆಯೇ ಬೇಯಿಸಿ. ನೂಡಲ್ಸನ್ನು ಸಾರಿನಲ್ಲಿ ಮುಳುಗಿಸಿಟ್ಟರೆ ಅದು ಸಾರನ್ನೆಲ್ಲ ಹೀರಿ ಉಬ್ಬುತ್ತದೆ.

ಬಟ್ಟಲಿಗೆ ನೂಡಲ್ಸ್, ಕೋಳಿ, ಬಿಸಿ ಸಾರು, ಮೇಲೆ ಕರಿದ ನೂಡಲ್ಸ್. ಪಕ್ಕಕ್ಕೆ ಹಸಿ ಈರುಳ್ಳಿ, ಎಣ್ಣೆಯಲ್ಲಿ ಹುರಿದ ಮೆಣಸಿನಪುಡಿ, ನಿಂಬೆಹೋಳು. ಉಪ್ಪು ಹಾಕಿದ ಸಾಸಿವೆ ಸೊಪ್ಪು ಥಾಯ್ ರೂಢಿ. ವಿನಿಗರ್‌ನಲ್ಲಿ ನೆನೆಸಿದ ಎಲೆಕೋಸೂ ನಡೆಯುತ್ತದೆ. ನಿಂಬೆಯನ್ನು ಪಾತ್ರೆಗೆ ಹಿಂಡಬೇಡಿ, ಹುಳಿಗೂ ಕಾಯಿಹಾಲು ಒಡೆಯಬಹುದು.

ಎರಡು ಎಚ್ಚರಿಕೆ

ವಿದರ್ಭದ ಬೇಸಿಗೆಯಲ್ಲಿ ಕಾಯಿಹಾಲಿನ ಸಾರನ್ನು ಹೊರಗೆ ಒಂದು ಗಂಟೆಗಿಂತ ಹೆಚ್ಚು ಇಡಬೇಡಿ. ಆರಿಸಿ ಫ್ರಿಜ್‌ಗೆ ಸೇರಿಸಿ, ಬಡಿಸುವ ಮುನ್ನ ಚೆನ್ನಾಗಿ ಬಿಸಿ ಮಾಡಿ.

ಇನ್ನು, ಶ್ರಾವಣದಲ್ಲಿ ಮಾಂಸ ಮುಟ್ಟದ ಮನೆಗಳು ಇಲ್ಲಿಯೂ ಬಹಳ. ಅಂಥವರಿಗೆ ಮಸಾಲೆ ಬಾಡಿಸಿದಾಗಲೇ ಒಂದು ಪಾಲು ತೆಗೆದಿಟ್ಟು ಪನೀರ್, ಅಣಬೆ ಹಾಕಿ; ನೂಡಲ್ಸ್ ಪ್ಯಾಕೆಟ್ಟಿನ ಮೇಲೆ ಹಸಿರು ಚುಕ್ಕೆ ಇದೆಯೇ ನೋಡಿ. ಯಾರು ಏನು ತಿನ್ನುತ್ತಾರೆ ಎಂಬುದನ್ನು ಊಟಕ್ಕೆ ಕರೆಯುವಾಗಲೇ ಕೇಳಿಬಿಡಿ.