ಗೋರೆಗಾಂವಿನ ಉದ್ಯೋಗ ಪರಿಸ್ಥಿತಿಯೂ ನಮ್ಮ ತರುಣರೂ

ಮುಂಬಯಿಯ ಪಶ್ಚಿಮ ಉಪನಗರಗಳಲ್ಲಿ ದುಡಿಮೆಯ ಸ್ವರೂಪ ಹೇಗೆ ಬದಲಾಯಿತೆಂಬುದನ್ನು ತಿಳಿಯಲಿಚ್ಛಿಸುವವರು ದೊಡ್ಡ ಗ್ರಂಥಗಳನ್ನು ತಿರುವಬೇಕಾಗಿಲ್ಲ. ಗೋರೆಗಾಂವ್ ನಿಲ್ದಾಣದ ಎರಡೂ ಬದಿಗಳಲ್ಲಿ ಒಂದು ಸುತ್ತು ನಡೆದು ಬಂದರೆ ಸಾಕು. ಪಶ್ಚಿಮದಲ್ಲಿ 1943ರಲ್ಲಿ ಫಿಲ್ಮಿಸ್ತಾನ್ ಸ್ಟುಡಿಯೊ ಸ್ಥಾಪನೆಯಾಯಿತು. ಪೂರ್ವದಲ್ಲಿ 1949ರಲ್ಲಿ ಆರೆ ಹಾಲಿನ ಕಾಲೊನಿ ಹುಟ್ಟಿತು. 1977ರಲ್ಲಿ ಅದರ ಮಗ್ಗುಲಲ್ಲೇ ಚಿತ್ರನಗರಿ ತಲೆಯೆತ್ತಿತು. ಹೆದ್ದಾರಿಯ ಬದಿಯಲ್ಲಿ ಕೃತಕ ನೂಲು ತಯಾರಿಸುವ ನಿರ್ಲಾನ್, ಯಂತ್ರೋಪಕರಣಗಳ ನೆಸ್ಕೊ ಮೊದಲಾದ ಕಾರ್ಖಾನೆಗಳು ನೆಲೆಯೂರಿದವು. ಇಂಥ ಕಾರ್ಖಾನೆಗಳ ಪಾಳಿಯ ಹೊತ್ತನ್ನು ನೋಡಿಕೊಂಡು ಒಲೆ ಹೊತ್ತಿಸಿದ ಹೋಟೆಲುಗಳಲ್ಲಿ ಅನೇಕವು ನಮ್ಮ ತುಳು-ಕನ್ನಡಿಗರವು.

ಇಂದು ಅದೇ ದಾರಿಯಲ್ಲಿ ನಡೆಯುವವನಿಗೆ ಬೇರೊಂದು ಊರೇ ಕಾಣಿಸುತ್ತದೆ. ನೂಲು ತೆಗೆಯುತ್ತಿದ್ದ ನಿರ್ಲಾನಿನ ನೆಲದಲ್ಲಿ ಈಗ ನಾಲೆಜ್ ಪಾರ್ಕ್ ಎಂಬ ಗಾಜಿನ ಕಟ್ಟಡಗಳಿವೆ. ಅಲ್ಲಿ ವಿದೇಶೀ ಬ್ಯಾಂಕುಗಳ ಲೆಕ್ಕಪತ್ರಗಳು ಸಿದ್ಧವಾಗುತ್ತವೆ. ನೆಸ್ಕೊದ ಆವರಣವು ವಸ್ತುಪ್ರದರ್ಶನದ ಭವನಗಳಿಗೂ ಕಂಪ್ಯೂಟರ್ ಕಚೇರಿಗಳಿಗೂ ಮೀಸಲಾಗಿದೆ. ಫಿಲ್ಮಿಸ್ತಾನ್ 2025ರಲ್ಲಿ ಗೃಹನಿರ್ಮಾಣ ಸಂಸ್ಥೆಯೊಂದರ ಕೈಸೇರಿತು. ಹಾಗೆಂದು ಗೋರೆಗಾಂವಿನಲ್ಲಿ ಕೆಲಸವೇ ಇಲ್ಲವಾಯಿತೆಂದು ಹೇಳುವಂತಿಲ್ಲ. ಬೆಳಗ್ಗೆ ಒಂಬತ್ತರ ಹೊತ್ತಿಗೆ ನಿಲ್ದಾಣದ ಸೇತುವೆಯನ್ನು ಏರಿಳಿಯುವ ಜನಸಂದಣಿಯೇ ಅದಕ್ಕೆ ಸಾಕ್ಷಿ. ಕೆಲಸವಿದೆ, ಆದರೆ ಕೆಳಗಿನ ಕೆಲಸದಿಂದ ಮೇಲಿನ ಕೆಲಸಕ್ಕೆ ಏರುವ ದಾರಿ ಮುಚ್ಚುತ್ತ ಬಂದಿದೆ. ನಮ್ಮ ಸಮಾಜವು ಚಿಂತಿಸಬೇಕಾದ ವಿಷಯ ಇದು.

ಹಿಂದಿನ ದಾರಿ ಯಾವುದಿತ್ತು? ಊರಿನಿಂದ ಬಂದ ಹುಡುಗನು ಮೊದಲು ಕಪ್ಪು-ಬಸಿ ತೊಳೆಯುತ್ತಿದ್ದನು. ಆಮೇಲೆ ಮೇಜು ಒರೆಸಿ, ಮಾಣಿಯಾಗಿ, ನಂಬಿಕೆ ಗಳಿಸಿದರೆ ಗಲ್ಲೆಯಲ್ಲಿ ಕುಳಿತುಕೊಳ್ಳುತ್ತಿದ್ದನು. ಸಂಜೆಯ ಬಿಡುವಿನಲ್ಲಿ ರಾತ್ರಿ ಶಾಲೆ ಅವನನ್ನು ಕರೆಯುತ್ತಿತ್ತು. ಮೊಗವೀರರ ಮುಫತ್ ರಾತ್ರಿ ಹೈಸ್ಕೂಲು, ಬಿಲ್ಲವರ ಗುರುನಾರಾಯಣ ರಾತ್ರಿ ಶಾಲೆ ಮುಂತಾದವುಗಳಲ್ಲಿ ಓದಿ ಮೆಟ್ರಿಕ್ ದಾಟಿದವರು ಎಷ್ಟೋ ಮಂದಿ. ಆ ಸರ್ಟಿಫಿಕೇಟಿನ ಜತೆಗೆ ಟೈಪ್‌ರೈಟಿಂಗ್ ಕಲಿತರೆ ಕಾರ್ಖಾನೆಯ ಕಚೇರಿಯಲ್ಲೋ ಬ್ಯಾಂಕಿನಲ್ಲೋ ಕುರ್ಚಿ ದೊರೆಯುವ ಆಸೆಯಿತ್ತು. 1906ರ ಕೆನರಾ ಮತ್ತು ಕಾರ್ಪೊರೇಶನ್, 1925ರ ಸಿಂಡಿಕೇಟ್, 1931ರ ವಿಜಯಾ, ಈ ನಾಲ್ಕೂ ನಮ್ಮ ಜಿಲ್ಲೆಯಲ್ಲೇ ಹುಟ್ಟಿ ಮುಂಬಯಿಗೆ ಬಂದ ಬ್ಯಾಂಕುಗಳು. ಓದು ಹತ್ತದವನು ನಾಲ್ಕು ಕಾಸು ಕೂಡಿಸಿ, ಬೇರೆಯವರ ಹೋಟೆಲನ್ನು ಕಂಡಕ್ಟಿಂಗ್ ಮೇಲೆ ಹಿಡಿದು, ಕ್ರಮೇಣ ಧಣಿಯಾಗುವುದೂ ಉಂಟಾಗಿತ್ತು.

ಆ ಕಾಲವನ್ನು ಹೊಗಳಿ ಹಾಡುವುದು ನಮ್ಮ ಉದ್ದೇಶವಲ್ಲ. ಹತ್ತು-ಹನ್ನೆರಡು ವರ್ಷದ ಮಕ್ಕಳು ನಡುರಾತ್ರಿಯವರೆಗೆ ನೀರಿನಲ್ಲಿ ಕೈಯಿಟ್ಟು ದುಡಿದುದು ಸಂತೋಷದ ಸಂಗತಿಯಲ್ಲ. ಹದಿನಾಲ್ಕಕ್ಕಿಂತ ಚಿಕ್ಕವರನ್ನು ಹೋಟೆಲುಗಳಲ್ಲಿ ದುಡಿಸಬಾರದೆಂದು 2006ರ ಅಕ್ಟೋಬರ್ 10ರಿಂದ ಜಾರಿಗೆ ಬಂದ ನಿಷೇಧವು ಸರ್ವಥಾ ನ್ಯಾಯವಾದುದು. ಆದರೆ ಕಷ್ಟದ ಕೊನೆಯಲ್ಲಿ ಒಂದು ಮೇಲಿನ ಮೆಟ್ಟಿಲು ಕಾಣುತ್ತಿತ್ತೆಂಬುದನ್ನು ಮರೆಯಬಾರದು.

ಈ ಮೆಟ್ಟಿಲುಗಳು ಒಂದೊಂದಾಗಿ ಕಳಚಿದವು. 1982ರ ಜನವರಿ 18ರಂದು ಡಾ. ದತ್ತಾ ಸಾಮಂತರ ನೇತೃತ್ವದಲ್ಲಿ ಆರಂಭವಾದ ಬಟ್ಟೆ ಗಿರಣಿಗಳ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರಿದ್ದರು. ಅವರಲ್ಲಿ ಬಹುಮಂದಿ ಮತ್ತೆ ಗಿರಣಿಯ ಬಾಗಿಲನ್ನು ಕಾಣಲಿಲ್ಲ. ಉಪನಗರದ ಕಾರ್ಖಾನೆಗಳಿಗೂ ಯಂತ್ರಕ್ಕಿಂತ ನೆಲವೇ ಹೆಚ್ಚು ಬೆಲೆಬಾಳತೊಡಗಿತು. ಬ್ಯಾಂಕುಗಳು 1969 ಮತ್ತು 1980ರಲ್ಲಿ ರಾಷ್ಟ್ರೀಕರಣಗೊಂಡವು. ನೇಮಕಾತಿ ಅಖಿಲ ಭಾರತ ಸ್ಪರ್ಧೆಯ ವಿಷಯವಾಯಿತು. 2019ರಲ್ಲಿ ವಿಜಯಾ, 2020ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಶನ್ ಬೇರೆ ಬ್ಯಾಂಕುಗಳಲ್ಲಿ ಲೀನವಾದವು. ಅದೇ 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದು ಹೋಟೆಲುಗಳ ಒಲೆ ಆರಿತು. ಊರಿಗೆ ಹೋದ ನೌಕರರಲ್ಲಿ ಎಲ್ಲರೂ ಮರಳಿ ಬರಲಿಲ್ಲ.

ಈಗ ಗೋರೆಗಾಂವಿನಲ್ಲಿ ದುಡಿಮೆಗೆ ಎರಡು ಬಾಗಿಲುಗಳಿವೆ. ಒಂದು, ಪದವಿಯೂ ಇಂಗ್ಲಿಷೂ ಉಳ್ಳವರಿಗೆ. ಇನ್ನೊಂದು, ಕಾವಲುಗಾರ, ಕಸ ಗುಡಿಸುವವ, ಕ್ಯಾಂಟೀನಿನ ಹುಡುಗ, ಮನೆಮನೆಗೆ ಊಟ ತಲುಪಿಸುವವ ಇವರಿಗೆ. ಎರಡನೆಯ ಬಾಗಿಲಿನಿಂದ ಒಳಹೋದವರ ಯಜಮಾನ ಆ ಕಚೇರಿಯಲ್ಲ, ನಡುವಿನ ಕಂತ್ರಾಟುದಾರ. ಕಾರ್ಖಾನೆಯ ಕಾಲದಲ್ಲಿ ಹಮಾಲನಾಗಿ ಸೇರಿದವನು ಯಂತ್ರದ ಕೆಲಸ ಕಲಿತು ಮೇಸ್ತ್ರಿಯಾಗುವುದಿತ್ತು. ಗಾಜಿನ ಕಟ್ಟಡದ ಕಾವಲುಗಾರನು ಹತ್ತು ವರ್ಷದ ಬಳಿಕವೂ ಅದೇ ಬಾಗಿಲಲ್ಲಿ ನಿಂತಿರುತ್ತಾನೆ; ಒಳಗಿನ ವಿದ್ಯೆ ಅವನಿಗೆ ತಾಗುವುದೇ ಇಲ್ಲ.

ನಮ್ಮ ಹೋಟೆಲುಗಳ ಸ್ಥಿತಿಯಾದರೂ ಉತ್ತಮವೇ? ಧಣಿಗಳ ಮಕ್ಕಳು ಗಲ್ಲೆಗೆ ಬರುತ್ತಿಲ್ಲ. ಊರಿನ ಹುಡುಗರು ಬೆಂಗಳೂರು, ಕೊಲ್ಲಿ ದೇಶಗಳತ್ತ ಮುಖಮಾಡಿದ್ದಾರೆ. ಇಂದು ಅಡಿಗೆಮನೆಯಲ್ಲಿ ದೋಸೆ ಹುಯ್ಯುವವರು ಉತ್ತರ ಪ್ರದೇಶ, ಒಡಿಶಾ, ನೇಪಾಳಗಳಿಂದ ಬಂದ ತರುಣರು. ನಮ್ಮ ಹಿರಿಯರು ಮುಂಬಯಿಗೆ ಬಂದ ಹಾಗೆಯೇ ಅವರೂ ಬಂದಿದ್ದಾರೆ. ಅವರಿಗೆ ಪ್ರಾವಿಡೆಂಟ್ ಫಂಡು, ಇಎಸ್‌ಐ, ನೇಮಕಾತಿ ಪತ್ರ ಕೊಡುವುದು ಉಪಕಾರವಲ್ಲ, ಕರ್ತವ್ಯ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ನೇಮಕಾತಿ ಪತ್ರವನ್ನು ಕಡ್ಡಾಯ ಮಾಡಿವೆ. ಹೋಟೆಲು ಧಣಿಗಳು ಇದಕ್ಕೆ ತಪ್ಪಿಸಿಕೊಳ್ಳುವ ಉಪಾಯ ಹುಡುಕದಿರುವುದೇ ಲೇಸು.

ಇನ್ನು ಪರಿಹಾರದ ಮಾತು. ಸಂಘಟನೆಯಿಂದ ಉದ್ಯೋಗ ಹುಟ್ಟಬಲ್ಲುದೆಂಬುದಕ್ಕೆ ಗೋರೆಗಾಂವಿನಲ್ಲೇ ಉದಾಹರಣೆಯಿದೆ. 1932ರಲ್ಲಿ ಆರಂಭವಾದ ಬಿಲ್ಲವರ ಅಸೋಸಿಯೇಶನ್ನಿನ ಆಶ್ರಯದಲ್ಲಿ 1978ರಲ್ಲಿ ಸ್ಥಾಪಿತವಾಗಿ, ದಿ. ಜಯ ಸಿ. ಸುವರ್ಣರ ಸಾರಥ್ಯದಲ್ಲಿ ಬೆಳೆದ ಭಾರತ್ ಕೋ-ಆಪರೇಟಿವ್ ಬ್ಯಾಂಕಿನ ಪ್ರಧಾನ ಕಚೇರಿ ಇರುವುದು ಇಲ್ಲಿಯೇ. ದುಡಿಯುವ ಜನರ ಸಣ್ಣ ಉಳಿತಾಯವನ್ನು ನಂಬಿ ನಿಂತ ಸಂಸ್ಥೆ ನಮ್ಮ ಅನೇಕ ಯುವಕ-ಯುವತಿಯರಿಗೆ ನೌಕರಿಯಿತ್ತಿತು. 1902ರ ಮೊಗವೀರ ವ್ಯವಸ್ಥಾಪಕ ಮಂಡಳಿ, 1927ರ ಬಂಟರ ಸಂಘ ಮುಂತಾದವು ವಿದ್ಯೆಗಾಗಿ ಮಾಡಿದ ಕಾರ್ಯವೂ ಸ್ತುತ್ಯ.

ಆದರೆ ಸಂಘಗಳ ವಿದ್ಯಾರ್ಥಿವೇತನ ಹೆಚ್ಚಾಗಿ ತೊಂಬತ್ತು ಅಂಕ ಪಡೆದವರ ಕೊರಳ ಹಾರವಾಗುತ್ತಿದೆ. ಹತ್ತನೆಯ ತರಗತಿಯಲ್ಲಿ ನಿಂತವನಿಗೆ ಏನಿದೆ? ಲಿಫ್ಟು, ಹವಾನಿಯಂತ್ರಣ, ವಿದ್ಯುತ್ತು ಇವುಗಳ ದುರಸ್ತಿ ಬಲ್ಲವರಿಲ್ಲದೆ ಈ ಗಾಜಿನ ಕಟ್ಟಡಗಳು ಒಂದು ದಿನವೂ ನಡೆಯಲಾರವು. ಆ ಕಸಬನ್ನು ಕಲಿಸುವ ಸಂಜೆಯ ತರಗತಿಗಳನ್ನು ಸಂಘದ ಸಭಾಗೃಹಗಳಲ್ಲಿ ಏಕೆ ನಡೆಸಬಾರದು? ನಿವೃತ್ತ ಬ್ಯಾಂಕ್ ನೌಕರರು ವಾರಕ್ಕೆರಡು ತಾಸು ಲೆಕ್ಕಪತ್ರ, ಜಿಎಸ್‌ಟಿ ಕಲಿಸಲಾರರೇ? 1961ರ ಅಪ್ರೆಂಟಿಸ್ ಕಾಯಿದೆಯ ಪ್ರಕಾರ ಹೋಟೆಲು ಧಣಿಗಳು ಇಬ್ಬರು ತರುಣರನ್ನಾದರೂ ಕ್ರಮವಾಗಿ ತರಬೇತುಗೊಳಿಸಲಾರರೇ? ಸಭಾಗೃಹಗಳು ವಾರದ ಬಹುದಿನ ಬೀಗ ಹಾಕಿಕೊಂಡಿರುತ್ತವೆ. ಸಂಘಗಳ ಪದಾಧಿಕಾರಿಗಳು ಬರುವ ಮಹಾಸಭೆಯಲ್ಲಿ ವಾರ್ಷಿಕೋತ್ಸವದ ವೆಚ್ಚವನ್ನು ಮಂಜೂರು ಮಾಡುವ ಮುನ್ನ ಈ ಒಂದು ವಿಷಯವನ್ನು ಚರ್ಚೆಗೆ ಎತ್ತಿಕೊಳ್ಳಬೇಕೆಂದು ನಮ್ಮ ವಿನಂತಿ.