ಮಣಭಾರದ ಮೀನಿನ ಭೀಮೇಶ್ವರಿ

ಬೆಂಗಳೂರಿನಿಂದ ಕನಕಪುರ, ಸಾತನೂರು ದಾಟಿ ಹಲಗೂರಿನಲ್ಲಿ ಎಡಕ್ಕೆ ಹೊರಳಿದರೆ ದಾರಿಯ ಲಕ್ಷಣವೇ ಬದಲಾಗುತ್ತದೆ. ರಾಗಿ ಹೊಲ, ಹಿಪ್ಪುನೇರಳೆ ತೋಟಗಳೆಲ್ಲ ಹಿಂದೆ ಸರಿದು ಕುರುಚಲು ಕಾಡು ಶುರುವಾಗುತ್ತದೆ. ಇಳಿಜಾರಿನ ತಿರುವುಗಳು ಮುಗಿಯುವಲ್ಲಿ ಕಾವೇರಿ. ರಾಜಧಾನಿಯಿಂದ ಹೆಚ್ಚುಕಡಿಮೆ ನೂರು ಕಿಲೋಮೀಟರು. ಈ ದಡ ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕು, ಆ ದಡ ಚಾಮರಾಜನಗರ ಜಿಲ್ಲೆಯ ಕಾಡು. ಇದೇ ಭೀಮೇಶ್ವರಿ. ವಾರಾಂತ್ಯಕ್ಕೆ ತೆಪ್ಪ, ಕಯಾಕು, ಜಿಪ್‌ಲೈನು ಎಂದು ಬರುವ ಹುಡುಗ ಹುಡುಗಿಯರಲ್ಲಿ ಬಹುಪಾಲು ಜನರಿಗೆ ಗೊತ್ತಿಲ್ಲದ ಸಂಗತಿಯೆಂದರೆ, ಒಂದು ಕಾಲಕ್ಕೆ ಜಗತ್ತಿನ ಗಾಳಗಾರರೆಲ್ಲ ಈ ಜಾಗದ ಹೆಸರನ್ನು ನಾಲಗೆ ತೊಡರಿಸಿಕೊಂಡಾದರೂ ಹೇಳುತ್ತಿದ್ದರು. ಮೀನು ಅಷ್ಟು ದೊಡ್ಡದಿತ್ತು.

ಮೀನಿನ ಹೆಸರು ಮಹಸೀರ್. ತೆಪ್ಪದವರ ಬಾಯಲ್ಲಿ ಬಿಳಿಮೀನು. ಕೆರೆಯ ಕಾಟ್ಲಾ, ರೋಹುಗಳೂ ಇದರ ದೂರದ ನೆಂಟರೇ. ಆದರೆ ಇದು ನಿಂತ ನೀರಿನ ಜೀವಿಯಲ್ಲ. ಶಿವನಸಮುದ್ರದಲ್ಲಿ ಧುಮುಕಿದ ಕಾವೇರಿ, ಶಿಂಷಾ ನದಿಯನ್ನು ಸೇರಿಸಿಕೊಂಡು ಮೇಕೆದಾಟಿನ ಕಡೆಗೆ ಹರಿಯುವ ಈ ಉದ್ದಕ್ಕೂ ಬಂಡೆ, ಸೆಳವು, ಮಡು, ಮತ್ತೆ ಬಂಡೆ. ಸೆಳವಿನಲ್ಲಿ ಮೇಯುವುದು, ಮಡುವಿನಲ್ಲಿ ವಿಶ್ರಮಿಸುವುದು ಮಹಸೀರಿನ ದಿನಚರಿ. ಏಡಿ, ಶಂಖದಹುಳು, ಸಣ್ಣ ಮೀನು, ದಡದ ಮರಗಳಿಂದ ಉದುರಿದ ಹಣ್ಣು ಎಲ್ಲವೂ ಆದೀತು. ಬಾಯಲ್ಲಿ ಹಲ್ಲಿಲ್ಲ, ಗಂಟಲಲ್ಲಿವೆ. ಏಡಿಯ ಚಿಪ್ಪು ಪುಡಿಯಾಗುವುದು ಅಲ್ಲೇ. ದೊಡ್ಡ ಮೀನಿನ ಒಂದೊಂದು ಹುರುಪೆಯೂ ಅಂಗೈಯಗಲ.

ಪಕ್ಕದ ಮುತ್ತತ್ತಿಯಲ್ಲಿ ಹನುಮಂತನ ಗುಡಿಯಿದೆ. ಹೊಳೆಯಲ್ಲಿ ಮೀಯುವಾಗ ಸೀತೆಯ ಮುತ್ತಿನ ಮೂಗುತಿ ಮಡುವಿಗೆ ಬಿತ್ತಂತೆ, ಹನುಮ ಬಾಲ ಇಳಿಬಿಟ್ಟು ತಡಕಾಡಿ ಎತ್ತಿಕೊಟ್ಟನಂತೆ. ಹಾಗಿದ್ದರೆ ಈ ಹೊಳೆಯ ಮೊದಲ ಗಾಳಗಾರ ಮುತ್ತತ್ತಿರಾಯನೇ ಅನ್ನಬೇಕು. ಅವನ ನಂತರದವರ ಲೆಕ್ಕ ಮಾತ್ರ ಕಾಗದದ ಮೇಲಿದೆ.

ಆ ಲೆಕ್ಕ ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್ ಅವರಿಂದ ಶುರುವಾಗುತ್ತದೆ. ಕಂದಾಯದ ಕಡತಗಳ ನಡುವೆಯೇ ಮೀನಿನ ಹುಚ್ಚು ಹತ್ತಿಸಿಕೊಂಡ ಈ ಮನುಷ್ಯ 1873ರಲ್ಲಿ ‘ದಿ ರಾಡ್ ಇನ್ ಇಂಡಿಯಾ’ ಎಂಬ ಪುಸ್ತಕ ಬರೆದು, ಮಹಸೀರನ್ನು ಹೇಗೆ ಹಿಡಿಯಬೇಕೆಂದು ಬ್ರಿಟಿಷ್ ಅಧಿಕಾರಿಗಳಿಗೆ ಪಾಠ ಹೇಳಿದರು. 1919ರಲ್ಲಿ ರಿವೆಟ್ ಕಾರ್ನಾಕ್ ಎಂಬ ಸೇನಾಧಿಕಾರಿಗೆ ಕಾವೇರಿಯಲ್ಲಿ 119 ಪೌಂಡಿನ ಮೀನು ಸಿಕ್ಕಿತು. ಅದನ್ನು ಮೀರಿಸಿದ್ದು 1946ರಲ್ಲಿ, ಕಬಿನಿಯಲ್ಲಿ. ಮಹಾರಾಜರ ಹುಲಿ ಚಿರತೆಗಳಿಗೆ ಹೊಟ್ಟು ತುಂಬಿ ನಿಲ್ಲಿಸುವ ಕಸುಬಿನಲ್ಲಿ ಹೆಸರಾಗಿದ್ದ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ವ್ಯಾನ್ ಇಂಗೆನ್ ಹಿಡಿದ ಆ ಮೀನು 120 ಪೌಂಡು, ಅಂದರೆ 54 ಕಿಲೋ ಚಿಲ್ಲರೆ. ಒಂದು ಮೂಟೆ ಸಿಮೆಂಟು 50 ಕಿಲೋ ಎಂಬುದನ್ನು ನೆನೆದರೆ ಗಾತ್ರ ಕಣ್ಣಿಗೆ ಕಟ್ಟೀತು. ಗಾಳಕ್ಕೆ ಬಿದ್ದ ಮಹಸೀರುಗಳಲ್ಲಿ ಅದೇ ದೊಡ್ಡದೆಂಬ ದಾಖಲೆ ದಶಕಗಳ ಕಾಲ ಉಳಿಯಿತು.

ಸ್ವಾತಂತ್ರ್ಯದ ನಂತರ ದೊರೆಗಳು ಹೊರಟುಹೋದರು, ಮೀನಿನ ಸುದ್ದಿಯೂ ಅಡಗಿತು. ದೊಡ್ಡ ಮಹಸೀರು ಮುಗಿದೇ ಹೋಯಿತೆಂದು ಹೊರಗಿನವರು ನಂಬಿದ್ದರು. 1977–78ರಲ್ಲಿ ಮೂವರು ಇಂಗ್ಲಿಷ್ ತರುಣರು, ತಮ್ಮನ್ನು ‘ಟ್ರಾನ್ಸ್‌ವರ್ಲ್ಡ್ ಫಿಶಿಂಗ್ ಟೀಮ್’ ಎಂದು ಕರೆದುಕೊಂಡು, ಮಹಸೀರನ್ನು ಹುಡುಕುತ್ತ ಭಾರತ ಸುತ್ತಿ ಕಾವೇರಿಗೆ ಬಂದರು. ಅವರಿಗೆ 92 ಪೌಂಡಿನದೂ ಸಿಕ್ಕಿತು. ಅಲ್ಲಿಂದ ಭೀಮೇಶ್ವರಿಯ ದೆಸೆ ತಿರುಗಿತು. ಟಿವಿಯಲ್ಲಿ ನದಿಯ ರಾಕ್ಷಸ ಮೀನುಗಳನ್ನು ಹಿಡಿದು ತೋರಿಸಿ ಹೆಸರಾದ ಜೆರೆಮಿ ವೇಡ್ ಕೂಡ ಪ್ರಸಿದ್ಧಿಗೆ ಬರುವ ಮೊದಲು, 1980ರ ದಶಕದಲ್ಲಿ, ಭಾರತದ ಹೊಳೆಗಳಲ್ಲಿ ಮಹಸೀರಿಗಾಗಿ ಕಾದವರೇ. ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಇಲ್ಲಿ ಕಾವೇರಿ ಫಿಶಿಂಗ್ ಕ್ಯಾಂಪ್ ನಡೆಸಿತು. ಮೇಲೆ ದೊಡ್ಡಮಾಕಳಿ, ಕೆಳಗೆ ಮೇಕೆದಾಟಿನ ದಿಕ್ಕಿಗೆ ಗಾಳಿಬೋರೆ ಸೇರಿ ಮೂರು ಶಿಬಿರಗಳಾದವು. 1972ರಲ್ಲಿ ಹುಟ್ಟಿದ ದಕ್ಷಿಣ ಭಾರತ ವನ್ಯಜೀವಿ ಸಂಘ, ಅಂದರೆ ‘ವಾಸಿ’, ಹೊಳೆಯ ಒಂದು ಪಾಲನ್ನು ಗುತ್ತಿಗೆ ಹಿಡಿದು ಕಾವಲು ಹಾಕಿತು.

ಹಿಡಿಯುವ ಬಗೆಯೂ ನೋಡುವಂಥದ್ದೇ ಆಗಿತ್ತು. ವಿಲಾಯತಿಯಿಂದ ದುಬಾರಿ ಕೋಲು, ರೀಲು ಹೊತ್ತು ಬಂದವರೂ ಕೊನೆಗೆ ಕೈಯೊಡ್ಡುತ್ತಿದ್ದುದು ರಾಗಿಗೆ. ಹಿಟ್ಟಿಗೆ ಮಸಾಲೆ ಬೆರೆಸಿ ಗಟ್ಟಿಯಾಗಿ ನಾದಿ, ಬೇಯಿಸಿ, ಆರಿದ ಮೇಲೆ ಮತ್ತೆ ಮಿದ್ದು, ನಿಂಬೆಹಣ್ಣಿನ ಗಾತ್ರಕ್ಕೆ ಉಂಡೆ ಕಟ್ಟಿ ಕೊಕ್ಕೆಯ ಸುತ್ತ ಮೆತ್ತುತ್ತಿದ್ದರು. ಮಂಡ್ಯದ ಮುದ್ದೆಗೆ ಮನುಷ್ಯರು ಮಾತ್ರ ಸೋತಿಲ್ಲ ಎಂದಾಯಿತು. ಗೈಡು ತೋರಿಸಿದ ಮಡುವಿಗೆ ಅದನ್ನು ಎಸೆದು, ದಾರದ ಮೇಲೊಂದು ಬೆರಳಿಟ್ಟುಕೊಂಡು ಬಂಡೆಯ ಮೇಲೆ ಕೂರಬೇಕಿತ್ತು. ಸಣ್ಣ ಮೀನುಗಳ ಚಿವುಟಾಟ ಬೆರಳಿಗೆ ತಿಳಿಯುತ್ತಿತ್ತು. ದೊಡ್ಡದು ಬಂತೆಂದರೆ ಚಿವುಟಾಟವಿಲ್ಲ, ಒಂದೇ ಎಳೆತ. ರೀಲು ಕಿರುಚುತ್ತ ನೂರಾರು ಅಡಿ ದಾರ ಸೆಳವಿನ ಜೊತೆ ಇಳಿದುಹೋಗುತ್ತಿತ್ತು. ದಾರ ಬಂಡೆಯ ಸಂದಿಗೆ ಸಿಕ್ಕಿಕೊಂಡರೆ ಅಲ್ಲಿಗೆ ಕಥೆ ಮುಗಿಯಿತು. ಅದಕ್ಕೇ ಗೈಡು ತೆಪ್ಪಕ್ಕೆ ಹಾರಿ, ಗಾಳಗಾರನನ್ನೂ ಕೂರಿಸಿಕೊಂಡು, ಒಂದೇ ಹುಟ್ಟಿನಲ್ಲಿ ಆ ಬಿದಿರ ಬುಟ್ಟಿಯನ್ನು ಸೆಳವಿನ ನಡುವೆ ಮೀನಿನ ಹಿಂದೆ ಓಡಿಸುತ್ತಿದ್ದ. ದಣಿದ ಮೀನನ್ನು ತೂಗಿ, ಫೋಟೊ ತೆಗೆದು, ಉಸಿರು ಸುಧಾರಿಸುವವರೆಗೆ ನೀರಲ್ಲೇ ಹಿಡಿದಿದ್ದು, ಆಮೇಲೆ ಬಿಟ್ಟುಬಿಡುವುದು ಶಿಬಿರದ ಕಟ್ಟಳೆಯಾಗಿತ್ತು. ಕೊಲ್ಲುವಂತಿರಲಿಲ್ಲ, ತಿನ್ನುವಂತಿರಲಿಲ್ಲ.

ಆ ಗೈಡುಗಳಲ್ಲಿ ಕೆಲವರು ಮೊದಲು ಇದೇ ಹೊಳೆಯಲ್ಲಿ ಕದ್ದು ಮೀನು ಹೊಡೆಯುತ್ತಿದ್ದವರು. ಕಾವೇರಿಯ ದೊಡ್ಡ ಮೀನಿಗೆ ಯಮನಾದದ್ದು ತೋಟೆ. ಕಲ್ಲುಕ್ವಾರಿಯ ಸಿಡಿಮದ್ದನ್ನು ಮಡುವಿಗೆಸೆದರೆ ಮರಿ, ಮೊಟ್ಟೆ, ತಾಯಿ ಎಲ್ಲವೂ ಒಟ್ಟಿಗೆ ಹೊಟ್ಟೆ ಮೇಲಾಗಿ ತೇಲುತ್ತವೆ. ಒಂದೇ ಮೀನನ್ನು ಹಲವು ಸಲ ಹಿಡಿದು ಬಿಟ್ಟರೆ ಸಂಬಳ ಬರುತ್ತದೆಂದು ಗೊತ್ತಾದ ಮೇಲೆ ಕಳ್ಳಬೇಟೆಗಾರನೇ ಕಾವಲುಗಾರನಾದ. ಗಾಳದ ಶಿಬಿರಗಳು ನಡೆದಷ್ಟು ಕಾಲ ಈ ಉದ್ದದಲ್ಲಿ ತೋಟೆಯ ಸದ್ದು ತಗ್ಗಿತ್ತು. ಇದು ಗಾಳಗಾರರ ಪಾಲಿನ ಪುಣ್ಯ, ಅವರಿಗೇ ಸಲ್ಲಲಿ.

ಪಾಪವೂ ಅವರದೇ. ಮೀನು ಕಡಿಮೆಯಾಯಿತೆಂದು 1970ರ ದಶಕದಿಂದ ಹೊಳೆಗೆ ಮರಿ ಬಿಡುವ ಕೆಲಸ ಶುರುವಾಯಿತು. ಮರಿ ಬಂದದ್ದು ಮಹಾರಾಷ್ಟ್ರದ ಲೋಣಾವಳದಲ್ಲಿ ಟಾಟಾ ವಿದ್ಯುತ್ ಕಂಪನಿ ನಡೆಸುತ್ತಿದ್ದ ಮರಿಕೇಂದ್ರದಿಂದ. ಮಹಸೀರೆಂದರೆ ಮಹಸೀರು, ಎಲ್ಲಿಯದಾದರೇನು ಎಂದುಕೊಂಡರು. ಬಂದದ್ದು ನೀಲಿ ರೆಕ್ಕೆಯ ಜಾತಿ. ಕಾವೇರಿಯ ಮೂಲ ನಿವಾಸಿಯೋ ಕಿತ್ತಳೆ ರೆಕ್ಕೆಯ, ತಲೆಯ ಹಿಂದೆ ಡುಬ್ಬವಿರುವ ಜಾತಿ. ಮೇಲಿನ ದಾಖಲೆಗಳನ್ನು ಬರೆಸಿದ ದೈತ್ಯ ಇದೇ. ಈ ನದಿ, ಇದರ ಉಪನದಿಗಳನ್ನು ಬಿಟ್ಟರೆ ಭೂಮಿಯ ಮೇಲೆ ಇನ್ನೆಲ್ಲೂ ಇಲ್ಲ.

ಗಾಳಿಬೋರೆಯ ಶಿಬಿರದಲ್ಲಿ ಹಿಡಿದ ಪ್ರತಿ ಮೀನನ್ನೂ ಪುಸ್ತಕಕ್ಕೆ ಬರೆಯುವ ಪದ್ಧತಿಯಿತ್ತು. 1998ರಿಂದ 2012ರವರೆಗಿನ ಆ ಪುಸ್ತಕಗಳನ್ನು ಬ್ರಿಟನ್ನಿನ ಏಡ್ರಿಯನ್ ಪಿಂಡರ್, ಕೇರಳದ ರಾಜೀವ್ ರಾಘವನ್ ಮತ್ತವರ ಸಂಗಡಿಗರು ಕೂತು ಲೆಕ್ಕ ಹಾಕಿದರು. ಹಿಡಿದು ಬಿಟ್ಟ ಮಹಸೀರುಗಳು ಒಟ್ಟು 6,161. ವರ್ಷದಿಂದ ವರ್ಷಕ್ಕೆ ಮೀನಿನ ಸಂಖ್ಯೆ ಏರಿದೆ. ಗಾಳಗಾರರು ಬೀಗಿದ್ದು ಇದಕ್ಕೇ. ಆದರೆ ಏರಿದ್ದು ನೀಲಿ ರೆಕ್ಕೆಯದು. ಡುಬ್ಬದ ಮೀನು ಸಿಗುವುದು ಅಪರೂಪವಾಗುತ್ತ ಬಂದಿದೆ, ಸಿಕ್ಕದ್ದು ಮಾತ್ರ ಹಿಂದಿಗಿಂತ ದೊಡ್ಡದು. ಮೇಲ್ನೋಟಕ್ಕೆ ಇದು ಗಾಳಗಾರನ ಭಾಗ್ಯ. ಒಳಗಿನ ಸುದ್ದಿ ಬೇರೆ. ಮುದುಕರಷ್ಟೇ ಉಳಿದಿದ್ದಾರೆ, ಮನೆಯಲ್ಲಿ ಮಕ್ಕಳಿಲ್ಲ. ಕೋಲು ಬಾಗಿಸಿದ ಪ್ರತಿ ದೈತ್ಯವೂ ಆ ವಂಶದಲ್ಲಿ ಕೊನೆಯುಳಿದವರಲ್ಲೊಂದು ಎಂಬುದು ಫೋಟೊ ತೆಗೆಸಿಕೊಂಡವರ ಅರಿವಿಗೆ ಬರಲಿಲ್ಲ.

ಇನ್ನೂ ವಿಚಿತ್ರವೆಂದರೆ, ನೂರೈವತ್ತು ವರ್ಷ ಜಗತ್ತೆಲ್ಲ ಕೊಂಡಾಡಿದ ಈ ಮೀನಿಗೆ ಗಟ್ಟಿಯಾದ ವೈಜ್ಞಾನಿಕ ಗುರುತೇ ಇರಲಿಲ್ಲ. ತಮಿಳುನಾಡಿನ ಮೋಯಾರ್ ನದಿಯಲ್ಲಿ ಉಳಿದಿದ್ದ ಕೆಲವನ್ನು ಪರೀಕ್ಷಿಸಿ, ಕೇರಳದ ಪಾಂಬಾರಿನಿಂದ ಅದಕ್ಕೂ ಮೊದಲೇ ವಿವರಿಸಲಾಗಿದ್ದ ‘ಟಾರ್ ರೆಮಾದೇವಿ’ ಇದೇ ಎಂದು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ‘ತೀವ್ರ ಅಳಿವಿನಂಚಿನ’ ಜೀವಿಗಳ ಸಾಲಿಗೆ ಸೇರಿತು. ಕಾಡಿನಲ್ಲಿ ಹುಲಿ ಇದಕ್ಕಿಂತ ಸುಖವಾಗಿದೆ. ಹುಲಿಯ ವರ್ಗ ಬರೀ ‘ಅಳಿವಿನಂಚು’.

ಕಾವೇರಿ ವನ್ಯಜೀವಿಧಾಮ ಘೋಷಣೆಯಾದದ್ದು 1987ರಲ್ಲಿ. ಆದರೂ ಗಾಳ ನಡೆದೇ ಇತ್ತು. ಅಭಯಾರಣ್ಯದೊಳಗೆ ಮೀನು ಹಿಡಿಯುವುದೂ ಕಾನೂನಿನ ಕಣ್ಣಿಗೆ ಬೇಟೆಯೇ, ಬಿಟ್ಟುಬಿಟ್ಟರೂ ಬೇಟೆಯೇ ಎಂದು 2012ರ ಹೊತ್ತಿಗೆ ಅದು ನಿಂತಿತು. ಕಾನೂನಿನ ಅರ್ಥ ಸರಿಯೇ ಇರಬಹುದು. ಆದರೆ ಗಾಳದ ಜೊತೆಗೆ ಮಡುವಿನ ಕಾವಲೂ ಹೋಯಿತು, ಅದನ್ನು ತುಂಬಲು ಬೇರೆ ಏರ್ಪಾಡು ಅಷ್ಟೇ ಬಿರುಸಾಗಿ ಆಗಲಿಲ್ಲ. ನಿಷೇಧದ ಮೊದಲೇ ಕಾವಲಿನ ಬಗ್ಗೆ ಯೋಚಿಸಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ಈಗ ಇನ್ನೊಂದು ಮಾತು ತೂಗಾಡುತ್ತಿದೆ. ಮೇಕೆದಾಟಿನಲ್ಲಿ 67 ಟಿಎಂಸಿ ನೀರು ನಿಲ್ಲಿಸುವ ಅಣೆಕಟ್ಟೆ ಎದ್ದರೆ ಹರಿಯುವ ಹೊಳೆ ದೊಡ್ಡ ಕೆರೆಯಾಗುತ್ತದೆ. ಬೆಂಗಳೂರಿಗೆ ಕುಡಿಯುವ ನೀರು ಬೇಕು, ನಿಜ. ಆದರೆ ಡುಬ್ಬದ ಮೀನು ಮೊಟ್ಟೆಯಿಡುವುದು ಹರಿಯುವ ನೀರಿನ ಗರಸು ಹಾಸಿನಲ್ಲಿ.

ಇಷ್ಟಾಗಿಯೂ ಭೀಮೇಶ್ವರಿ ನೋಡಬೇಕಾದ ಜಾಗವೇ. ದಡದ ಹೊಳೆಮತ್ತಿ ಮರಗಳಲ್ಲಿ ಕರ್ನಾಟಕದ ಇನ್ನೆಲ್ಲೂ ಸುಲಭವಾಗಿ ಕಾಣದ ಬೂದು ಬಣ್ಣದ ದೊಡ್ಡ ಅಳಿಲು ಗೂಡು ಕಟ್ಟುತ್ತದೆ. ಬೆಳಗ್ಗೆ ಬೇಗ ತೆಪ್ಪ ಹತ್ತಿದರೆ ನೀರುನಾಯಿಗಳ ಹಿಂಡು, ಬಂಡೆಯ ಮೇಲೆ ಬಿಸಿಲು ಕಾಯುವ ಮೊಸಳೆ, ಒಣಕೊಂಬೆಯ ಮೇಲೆ ಮೀನುಹದ್ದು ಕಾಣಸಿಗುತ್ತವೆ. ಡಿಸೆಂಬರಿನಿಂದ ಮಾರ್ಚಿವರೆಗೆ ನೀರು ತಿಳಿಯಾಗಿರುತ್ತದೆ. ಉಳಿಯಲು ಜಂಗಲ್ ಲಾಡ್ಜಸ್‌ನ ಶಿಬಿರಗಳಿವೆ, ಮೊದಲೇ ಕಾದಿರಿಸಬೇಕು. ಮೇಲೆ ಸಪ್ಪಗೆ ಕಾಣುವ ಮಡುಗಳ ಒಳಗೆ ಸುಳಿಯಿದೆ, ಮುತ್ತತ್ತಿಯಲ್ಲಿ ಈಜಲು ಹೋಗಿ ಜೀವ ಕಳೆದುಕೊಂಡವರು ಅನೇಕರು. ಲೈಫ್ ಜಾಕೆಟ್ ಇಲ್ಲದೆ ತೆಪ್ಪ ಹತ್ತಬೇಡಿ, ನೀರಿಗಿಳಿಯಬೇಡಿ. ಗಾಳವನ್ನಂತೂ ಮನೆಯಲ್ಲೇ ಬಿಟ್ಟು ಹೋಗಿ. ರಾತ್ರಿ ಹೊಳೆಯ ಕಡೆ ತೋಟೆಯ ಸದ್ದು ಕೇಳಿದರೆ ಮಾತ್ರ ಬೆಳಗಾಗುವವರೆಗೆ ಕಾಯದೆ ಅರಣ್ಯ ಇಲಾಖೆಯವರನ್ನು ಎಬ್ಬಿಸಿ.